ಹಳೆಯದು, ಓದದ್ದು: ಒಂದು

ನನ್ನನ್ನು ನಾಸಿಕದಿಂದ ಔರಂಗಾಬಾದಿಗೆ ಎರಡು ದಿನದ ಪ್ರವಾಸಕ್ಕೆ ಕಳಿಸಿದ ಆದೇಶದಲ್ಲಿ ಒಂದೇ ವಾಕ್ಯವಿತ್ತು: ‘ಸದರಿ ಶಾಖೆಯ ಗಣಕಯಂತ್ರದಿಂದ ಸದರಿ ದಿನದಂದು ಸದರಿ ಸಂದೇಶ ಹೊರಟಿದೆಯೋ ಇಲ್ಲವೋ ಎಂಬುದನ್ನು ಪರಿಶೀಲಿಸಿ ವರದಿ ಮಾಡತಕ್ಕದ್ದು.’ ಈ ಮೂರು ಸದರಿಗಳ ನಡುವೆ ಒಬ್ಬ ಹೆಣ್ಣುಮಗಳ ನೌಕರಿ ಸಿಕ್ಕಿಕೊಂಡಿತ್ತು. ಅದನ್ನು ಆದೇಶ ಹೇಳಿರಲಿಲ್ಲ. ಆದೇಶಗಳು ಅಂಥದ್ದನ್ನು ಹೇಳುವುದಿಲ್ಲ.

ಈ ಶತಮಾನದ ಮೊದಲ ದಶಕದ ಮಾತು. ಔರಂಗಾಬಾದು ಇನ್ನೂ ಛತ್ರಪತಿ ಸಂಭಾಜಿನಗರ ಆಗಿರಲಿಲ್ಲ. ಕಾರ್ಖಾನೆಗಳ ಬಾಯ್ಲರಿಗೆ ಕೂರಿಸುವ ಒತ್ತಡಮಾಪಕಗಳನ್ನು ಪರೀಕ್ಷಿಸಿ ಪ್ರಮಾಣಪತ್ರ ಕೊಡುವುದು ನಮ್ಮ ಕಚೇರಿಯ ಕೆಲಸ. ಪರೀಕ್ಷೆ ಔರಂಗಾಬಾದಿನ ಪ್ರಯೋಗಶಾಲೆಯಲ್ಲಿ, ಸಹಿ ನಾಸಿಕದಲ್ಲಿ. ಪ್ರಯೋಗಶಾಲೆಯಲ್ಲಿ ಒಂದು ಮೂಲ ಮಾಪಕ ಇರುತ್ತದೆ. ಬಂದ ಮಾಪಕಗಳನ್ನೆಲ್ಲ ಅದರ ಪಕ್ಕದಲ್ಲಿಟ್ಟು ಹೋಲಿಸುತ್ತಾರೆ. ಮೂಲ ಮಾಪಕವೇ ಸುಳ್ಳು ಹೇಳಿದರೆ ಊರಿನ ಮಾಪಕಗಳೆಲ್ಲ ಪ್ರಮಾಣಪತ್ರ ಸಮೇತ ಸುಳ್ಳು ಹೇಳಲು ಶುರುಮಾಡುತ್ತವೆ.

ಹಾಗೆಯೇ ಆಯಿತು. ಮೂಲ ಮಾಪಕ ಯಾವಾಗಲೋ ಪೆಟ್ಟು ತಿಂದು, ಇದ್ದದ್ದಕ್ಕಿಂತ ಕಡಿಮೆ ಒತ್ತಡ ತೋರಿಸತೊಡಗಿತ್ತು. ಲಾಸಲಗಾಂವ್ ರಸ್ತೆಯ ಒಂದು ಈರುಳ್ಳಿ ಒಣಗಿಸುವ ಘಟಕಕ್ಕೆ ನಾವು ಕೊಟ್ಟ ಪ್ರಮಾಣಪತ್ರದ ಶಾಯಿ ಆರಿ ಮೂರು ವಾರವಾಗಿರಬೇಕು, ಅಲ್ಲಿನ ಹಬೆಯ ಕೊಳವೆಯ ಕೀಲು ಹಾರಿಹೋಯಿತು. ಕೆಳಗೆ ನಿಂತಿದ್ದ ಕೆಲಸಗಾರನ ಮುಖ ಮತ್ತು ಬಲತೋಳು ಬೆಂದವು. ಆ ಹೊತ್ತಿನಲ್ಲೂ ಮಾಪಕದ ಮುಳ್ಳು ಹಸಿರು ಪಟ್ಟೆಯಲ್ಲೇ ನಿಂತಿತ್ತಂತೆ.

ಔರಂಗಾಬಾದಿನ ಪ್ರಯೋಗಶಾಲೆ ಅಂದರೆ ಒಬ್ಬ ಸಹಾಯಕಿ. ವಿಜಯಪುರದ ಕಡೆಯ ಹೆಣ್ಣುಮಗಳು. ಗಂಡ ನಮ್ಮ ಇಲಾಖೆಯಲ್ಲೇ ಇದ್ದು ತೀರಿಕೊಂಡ ಮೇಲೆ ಅನುಕಂಪದ ಮೇಲೆ ಸಿಕ್ಕ ನೌಕರಿ. ಪರೀಕ್ಷಾರ್ಥ ಅವಧಿ ಮುಗಿಯಲು ಮೂರು ತಿಂಗಳು ಬಾಕಿ. ಆ ಮೂರು ತಿಂಗಳಲ್ಲಿ ಕಾರಣವನ್ನೂ ಹೇಳದೆ ಮನೆಗೆ ಕಳಿಸಬಹುದು. ಇಲ್ಲಿ ಕಾರಣವೂ ಇತ್ತು. ವಿಚಾರಣೆಯಲ್ಲಿ ಆಕೆ ಹೇಳಿದ್ದು ಇಷ್ಟು: ‘ಮಾಪಕ ತಪ್ಪು ತೋರಿಸೋದು ನನಗ ಶನಿವಾರ ಗೊತ್ತಾತು. ರವಿವಾರ ನಾಸಿಕಕ್ಕ ಮೇಲ್ ಮಾಡಿ, ಪ್ರಮಾಣಪತ್ರ ತಡೀರಿ ಅಂತ ಬರದೆ.’ ನಮ್ಮ ನಾಸಿಕದ ಸಾಹೇಬರು ಲಿಖಿತವಾಗಿ ಉತ್ತರಿಸಿದ್ದು ಇನ್ನೂ ಚಿಕ್ಕದು: ‘ಅಂಥ ಸಂದೇಶ ಬಂದಿಲ್ಲ.’ ಇಬ್ಬರಲ್ಲಿ ಒಬ್ಬರು ಸುಳ್ಳು. ಆ ಒಬ್ಬರು ಯಾರಾಗಿದ್ದರೆ ಅನುಕೂಲ ಎಂಬುದು ಮುಂಬಯಿಯಿಂದ ಬಂದ ವಿಚಾರಣಾಧಿಕಾರಿಗೆ ಗೊತ್ತಾಗದ ವಿಷಯವೇನಲ್ಲ.

ಎರಡೂ ಕಚೇರಿಗಳಿಗೆ ಮೇಲ್ ಪ್ರೋಗ್ರಾಮು ಹಾಕಿಕೊಟ್ಟವನು ನಾನು. ಮೌಸ್ ಇಲ್ಲ, ಚಿತ್ರವಿಲ್ಲ. ಕಪ್ಪು ತೆರೆ, ಹಸಿರು ಅಕ್ಷರ, ಒಂದೊಂದು ಕೆಲಸಕ್ಕೆ ಒಂದೊಂದು ಅಕ್ಷರದ ಆಜ್ಞೆ. ನಮ್ಮ ಹಳೆಯ ಯಂತ್ರಗಳು ಅದಕ್ಕಿಂತ ಹೆಚ್ಚಿನದನ್ನು ಹೊರುವಂತಿರಲಿಲ್ಲ ಎಂದು ಕಡತದಲ್ಲಿ ಬರೆದಿದ್ದೆ. ನಿಜವಾದ ಕಾರಣ ಬೇರೆ. ತಾನಾಗಿ ಏನನ್ನೂ ಮಾಡದೆ, ಹೇಳಿದ್ದನ್ನು ಮಾತ್ರ ಮಾಡಿ, ಮಾಡಿದ್ದಕ್ಕೆ ಹೊಗಳಿಕೆ ಬಯಸದ ಕೈಕೆಳಗಿನವನು ನನಗೆ ಇಡೀ ಸೇವಾವಧಿಯಲ್ಲಿ ಸಿಕ್ಕಿದ್ದು ಅದೊಂದೇ.

ಪ್ರಯೋಗಶಾಲೆಗೆ ಹೋದಾಗ ಸಹಾಯಕಿ ನನಗಾಗಿ ಕುರ್ಚಿ ಒರೆಸಿಟ್ಟು, ತಾನು ಗೋಡೆಗೊರಗಿ ನಿಂತಿದ್ದಳು. ಮೂಲ ಮಾಪಕ ಮೇಜಿನ ಮೇಲೆ ಅರಗಿನ ಮುದ್ರೆ ಹಾಕಿಸಿಕೊಂಡು ಬಟ್ಟೆಯ ಚೀಲದಲ್ಲಿ ಕೂತಿತ್ತು, ಶವಪರೀಕ್ಷೆಗೆ ಹೊರಟ ಹಾಗೆ.

‘ನಾ ಕಳಿಸೇನ್ರಿ ಸರ’ ಎಂದಳು, ನಾನು ಕೇಳುವ ಮೊದಲೇ. ‘ರವಿವಾರ ಸಂಜೀಕ. ಕಳಿಸೋ ಅಕ್ಷರ ಒತ್ತೇನಿ, ಕೆಳಗ ‘ಕಳಿಸಲಾಗಿದೆ’ ಅಂತ ಬಂತು. ಕಣ್ಣಾರೆ ನೋಡೇನಿ.’

‘ಕಳಿಸಿದ್ದರ ನಕಲು?’

ಆಕೆ ನನ್ನ ಮುಖ ನೋಡಿದಳು. ‘ನಕಲು ಎಲ್ಲಿಂದ ಬರ್ಬೇಕ್ರಿ? ಹೋದ ವರ್ಷ ನೀವ ಬಂದ್ ಮಾಡಿ ಹೋಗೀರಲ್ಲ.’

ಹೌದು, ಮಾಡಿದ್ದೆ. ಈ ಪ್ರೋಗ್ರಾಮಿನಲ್ಲಿ ಕಳಿಸಿದ ಕಾಗದದ ಪ್ರತಿಯನ್ನು ‘ಕಳಿಸಿದ್ದು’ ಎಂಬ ಪೆಟ್ಟಿಗೆಯಲ್ಲಿ ಇಡಬಹುದು, ಇಡದೆಯೂ ಇರಬಹುದು. ಔರಂಗಾಬಾದಿನ ಯಂತ್ರದ ಡಿಸ್ಕು ಚಿಕ್ಕದು. ಒಮ್ಮೆ ತುಂಬಿಹೋದಾಗ ನಾನು ಬಂದು ಆ ಏರ್ಪಾಟನ್ನು ನಿಲ್ಲಿಸಿದ್ದೆ. ‘ನಮ್ಮ ಹಂತ್ಯಾಕ ಒಂದ್ ಕಾಪಿ ಬ್ಯಾಡೇನ್ರಿ?’ ಎಂದು ಅವತ್ತೇ ಕೇಳಿದ್ದಳು. ‘ಅಂಚೆಪೆಟ್ಟಿಗೆಗೆ ಹಾಕಿದ ಕಾಗದಕ್ಕೆ ನಕಲು ಇಟ್ಟುಕೊಳ್ಳುವವರು ವಕೀಲರು ಮತ್ತು ಪ್ರೇಮಿಗಳು ಮಾತ್ರ, ತಂಗಿ’ ಎಂದಿದ್ದೆ. ಮಾತು ಚೆನ್ನಾಗಿ ಬಂತು ಎಂದು ಆ ಇಡೀ ದಿನ ಒಳಗೊಳಗೇ ಖುಷಿಪಟ್ಟ ನೆನಪಿದೆ.

ಸರಿ, ಎರಡನೆಯ ದಾರಿ. ಕಾಗದ ಬರೆಯುವ ಪ್ರೋಗ್ರಾಮು ಕಾಗದವನ್ನು ಹೊತ್ತೊಯ್ಯುವುದಿಲ್ಲ. ಅದು ಬರೆಯುವ ಮೇಜು ಮಾತ್ರ. ಹೊರುವವನು ಬೇರೆ, ಯಂತ್ರದ ಹಿಂದೆ ಕೂತ ಒಬ್ಬ ಅದೃಶ್ಯ ಅಂಚೆಯವ. ಲೈನು ಸಿಗುವವರೆಗೆ ಕಾಗದವನ್ನು ಸಾಲಿನಲ್ಲಿ ಇಟ್ಟುಕೊಂಡು, ಸಿಕ್ಕಾಗ ಫೋನ್ ಹಚ್ಚಿ ಸಾಗಿಸಿ, ಸಾಗಿಸಿದ್ದನ್ನು ತನ್ನ ದಿನಚರಿಯಲ್ಲಿ ಗುರುತು ಹಾಕುತ್ತಾನೆ. ದಿನಚರಿ ತೆಗೆದೆ. ನಾಲ್ಕು ವಾರದ್ದು ಇತ್ತು. ಅದಕ್ಕಿಂತ ಹಳೆಯ ಹಾಳೆಗಳನ್ನು ಅವನು ವಾರಕ್ಕೊಮ್ಮೆ ತಾನೇ ಹರಿದೊಗೆಯುತ್ತಾನೆ. ನಮಗೆ ಬೇಕಾದ ರವಿವಾರ ಆರು ವಾರ ಹಿಂದಿನದು. ನಾಲ್ಕು ವಾರ ಸಾಕು ಎಂದು ನಿಗದಿ ಮಾಡಿದವನ ಹೆಸರು ಹೇಳುವ ಅಗತ್ಯವಿಲ್ಲ.

ಮೂರನೆಯ ಜಾಗವೊಂದಿತ್ತು. ಅದನ್ನು ತೆರೆಯದಿದ್ದರೆ ಚೆನ್ನಾಗಿತ್ತು. ಬರೆಯುತ್ತಿರುವ ಕಾಗದವನ್ನು ಅರ್ಧಕ್ಕೆ ನಿಲ್ಲಿಸಿದರೆ ಪ್ರೋಗ್ರಾಮು ಅದನ್ನು ‘ಮುಂದೂಡಿದ್ದು’ ಎಂಬ ಪೆಟ್ಟಿಗೆಗೆ ಹಾಕುತ್ತದೆ. ವಿಚಾರಣಾಧಿಕಾರಿ ಅಷ್ಟರಲ್ಲಿ ಬಂದು ನನ್ನ ಹಿಂದೆ ನಿಂತಿದ್ದರು. ತೆಳ್ಳಗಿನ ಮನುಷ್ಯ. ಕೆಮ್ಮುವುದಕ್ಕೂ ಅನುಮತಿ ಪಡೆದು ಕೆಮ್ಮುವಂಥವರು. ಪೆಟ್ಟಿಗೆ ತೆರೆಯಿತು. ಒಳಗೆ ಒಂದೇ ಕಾಗದ. ನಾಸಿಕಕ್ಕೆ. ಶನಿವಾರದ್ದು. ಎರಡು ಸಾಲು: ‘ಮೂಲ ಮಾಪಕ ಕಡಿಮೆ ತೋರಿಸುತ್ತಿದೆ. ದಯವಿಟ್ಟು’. ಅಷ್ಟೇ. ದಯವಿಟ್ಟು ಏನು ಎಂಬುದು ಇರಲಿಲ್ಲ.

‘ಅಂದರೆ ಬರೆದರು, ಕಳಿಸಲಿಲ್ಲ’ ಎಂದರು ವಿಚಾರಣಾಧಿಕಾರಿ ಹಿಂದಿಯಲ್ಲಿ, ಬಹಳ ಮೃದುವಾಗಿ. ‘ಸೋಮವಾರದಿಂದ ಹತ್ತು ದಿನ ರಜೆಯ ಮೇಲೆ ಹೋದರು.’

‘ಶನಿವಾರ ಫೋನ್ ಲೈನ್ ಸತ್ತಿತ್ರಿ ಸರ’ ಎಂದಳು ಆಕೆ ನನಗೆ, ಕನ್ನಡದಲ್ಲಿ, ಅವರ ಕಡೆ ನೋಡದೆ. ‘ಅದನ್ನ ಹಂಗ ಬಿಟ್ಟೆ. ರವಿವಾರ ಸೂಟಿ ಇದ್ರೂ ಬಂದೆ, ಲೈನ್ ಬಂದಿತ್ತು, ಹೊಸದಾಗಿ ಬರದೆ. ಅವರಿಗೆ ಹೇಳ್ರಿ. ರಜಾ ನಮ್ಮ ಮನಿಯವರ ವರ್ಷದ ತಿಥೀದು, ಎರಡ ತಿಂಗಳ ಹಿಂದನ ಮಂಜೂರ ಆಗಿತ್ತು. ಅದನ್ನೂ ಹೇಳ್ರಿ.’

ಹೇಳಿದೆ. ಅವರು ತಲೆಯಾಡಿಸಿ, ಆ ಎರಡು ಸಾಲನ್ನು ಮುದ್ರಿಸಿಕೊಡಲು ಹೇಳಿದರು. ಮುದ್ರಣಯಂತ್ರ ಕಿರ್‌ಕಿರ್ ಎಂದು ಆ ಎರಡು ಸಾಲು ಹೊಡೆಯಿತು. ಸಂದೇಶ ಹೊರಟಿತ್ತೋ ಇಲ್ಲವೋ ನೋಡಲು ಹೋದ ನಾನು, ಹೊರಡಲಿಲ್ಲ ಎಂಬುದಕ್ಕೆ ಸಾಕ್ಷಿ ಒದಗಿಸಿ ಕೊಟ್ಟಂತಾಯಿತು. ನಾಳಿದ್ದು ಬೆಳಿಗ್ಗೆ ಅಂತಿಮ ಹೇಳಿಕೆ, ನೀವೂ ಹಾಜರಿರಿ ಎಂದರು.

ಹೊರಡುವಾಗ ಆಕೆ ಬಾಗಿಲವರೆಗೆ ಬಂದಳು. ‘ನೀವು ನಂಬ್ತೀರೋ ಇಲ್ಲೋ, ಅಷ್ಟ ಹೇಳಿ ಹೋಗ್ರಿ’ ಎಂದಳು.

‘ಕಚೇರಿಗೆ ಬಂದ ಕಾಗದಕ್ಕಿರುವ ಹಾಗೆ ನನ್ನ ನಂಬಿಕೆಗೆ ಆವಕ ಸಂಖ್ಯೆ ಇರುವುದಿಲ್ಲ, ತಂಗಿ’ ಎಂದೆ. ಈ ಸಲ ಮಾತು ಚೆನ್ನಾಗಿ ಬಂತು ಅನ್ನಿಸಲಿಲ್ಲ.

ವರದಿ ಟೈಪ್ ಮಾಡಿಸಿ ತರಲು ಮರುದಿನ ಬೆಳಿಗ್ಗೆ ನಾಸಿಕದ ಬಸ್ಸು ಹಿಡಿದೆ. ವೈಜಾಪುರ ದಾಟಿದ ಮೇಲೆ ಮೋಡ ತಗ್ಗಿಗೆ ಇಳಿದು, ಹೊಲಗಳ ಮೇಲೆ ಕೈಯೂರಿಕೊಂಡು ನಿಂತ ಹಾಗಿತ್ತು. ಯೇವಲೆಯಿಂದ ಈರುಳ್ಳಿ ಲಾರಿಗಳ ಸಾಲು ಶುರು. ಬಸ್ಸು ಅವುಗಳ ಹಿಂದೆ ತೆವಳಿತು. ಲಾಸಲಗಾಂವಿನ ರಸ್ತೆ ಒಡೆಯುವಲ್ಲಿ ದೂರದಲ್ಲಿ ಆ ಒಣಗಿಸುವ ಘಟಕ ಕಂಡಿತು. ಚಿಮಣಿಯಲ್ಲಿ ಹೊಗೆ ಇರಲಿಲ್ಲ. ಗೇಟಿನ ಮುಂದೆ ಹೆಂಗಸರು ಕೂತಿದ್ದರು. ಕೆಲಸ ಯಾವಾಗ ತೆರೆಯುತ್ತದೆ ಎಂದು ಕಾಯುತ್ತಿದ್ದರೋ, ಬೇರೆ ಏನಕ್ಕೆ ಕಾಯುತ್ತಿದ್ದರೋ.

ಅಲ್ಲಿ, ಒಂದು ಲಾರಿಯ ಹಿಂದೆ ಬಸ್ಸು ನಿಂತಾಗ, ನನಗೆ ನಮ್ಮ ಹೆಡ್‌ಕ್ಲಾರ್ಕರ ಒಂದು ಮಾತು ನೆನಪಾಯಿತು.

ನಮ್ಮ ಹೆಡ್‌ಕ್ಲಾರ್ಕರು ನಿಪ್ಪಾಣಿಯವರು. ಅರ್ಧ ಕನ್ನಡ, ಅರ್ಧ ಮರಾಠಿ, ಮತ್ತು ಪೂರ್ತಿ ಕಾನೂನು. ನಾಸಿಕ ಕಚೇರಿಯ ಮೇಲ್ ನೋಡುವುದು ಅವರ ಜವಾಬ್ದಾರಿ. ಪೆಟ್ಟಿಗೆ ತೆರೆದರೆ ನೂರಾರು ಸಾಲು ಕಾಣುತ್ತಿದ್ದವು. ಅವರಿಗೆ ತಲೆ ತಿರುಗುತ್ತಿತ್ತು. ಅದಕ್ಕಾಗಿ ನಾನು ಒಂದು ಮಿತಿ ಹಾಕಿಕೊಟ್ಟಿದ್ದೆ: ವಿಷಯದ ಸಾಲಿನಲ್ಲಿ ‘ಪ್ರಪತ್ರ ಏಳು’ ಎಂದಿರುವ ಕಾಗದಗಳು ಮಾತ್ರ ಕಾಣಬೇಕು. ನಮ್ಮ ಎಲ್ಲ ವರದಿಗಳೂ ಆ ಪ್ರಪತ್ರದಲ್ಲೇ ಬರುವುದು ನಿಯಮ. ಮಿತಿ ಯಾವ ಕಾಗದವನ್ನೂ ತೆಗೆದುಹಾಕುವುದಿಲ್ಲ, ಬರೀ ಮರೆಮಾಡುತ್ತದೆ. ಮರೆಯಾದದ್ದು ಪೆಟ್ಟಿಗೆಯಲ್ಲೇ ಇರುತ್ತದೆ, ತೆರೆಯ ಮೇಲೆ ಇರುವುದಿಲ್ಲ, ಅಷ್ಟೇ. ಕೆಳಗಿನ ಪಟ್ಟಿಯಲ್ಲಿ ಮಾತ್ರ ಒಟ್ಟು ಲೆಕ್ಕ ಬರುತ್ತಿರುತ್ತದೆ: ಇಷ್ಟು ಹೊಸದು, ಇಷ್ಟು ಹಳೆಯದು. ‘ಹಳೆಯದು’ ಎಂದರೆ ಈ ಪ್ರೋಗ್ರಾಮಿನ ಭಾಷೆಯಲ್ಲಿ ಬಂದು ಬಹಳ ಕಾಲವಾದದ್ದಲ್ಲ. ಬಂದಿದೆ, ಅದು ಬಂದ ಮೇಲೆ ಪೆಟ್ಟಿಗೆಯನ್ನು ತೆರೆದು ಮುಚ್ಚಿದ್ದಾರೆ, ಆದರೆ ಅದನ್ನು ಯಾರೂ ಓದಿಲ್ಲ, ಅದು ಹಳೆಯದು. ಅದರ ಗುರುತು ‘ಓ’ ಎಂಬ ಅಕ್ಷರ.

ಒಂದು ತಿಂಗಳ ಹಿಂದೆ ಹೆಡ್‌ಕ್ಲಾರ್ಕರು ನನ್ನ ಮೇಜಿಗೆ ಬಂದು ಹೇಳಿದ್ದರು: ‘ಅಹೋ ಪಂಡಿತರೇ, ಕೆಳಗ ‘ಹಳೆಯದು ಒಂದು’ ಅಂತ ತೋರಸ್ತೈತಿ. ದಿನಾ ತೋರಸ್ತೈತಿ. ಮ್ಯಾಲೆ ಹುಡುಕಿದ್ರ ಏನೂ ಇಲ್ಲ. ಇದೇನ್ ಭಾನಗಡಿ?’

ನಾನು ತಲೆಯೆತ್ತದೆ ಹೇಳಿದ್ದೆ: ‘ಲೆಕ್ಕದ ದೋಷ ಇರಬೇಕು. ಬಿಡ್ರಿ.’

ಆ ‘ಒಂದು’ ಯಾವುದೆಂದು ಈಗ ಬಸ್ಸಿನಲ್ಲಿ ಹೊಳೆಯಿತು. ಆಕೆ ರವಿವಾರ ಅವಸರದಲ್ಲಿ ಬರೆದದ್ದು. ವಿಷಯದ ಸಾಲಿನಲ್ಲಿ ‘ತುರ್ತು’ ಎಂದು ಬರೆದಿರುತ್ತಾಳೆ. ಪ್ರಪತ್ರದ ಸಂಖ್ಯೆ ಹಾಕಲು ಅದು ವರದಿಯಲ್ಲ, ಕೂಗು.

ಅಷ್ಟೇ ಆಗಿದ್ದರೆ ನಿಧಾನವಾಗಿ ಹೋಗಿ ತೆಗೆದು ನೋಡಬಹುದಿತ್ತು. ಆದರೆ ಅದು ತ್ರೈಮಾಸಿಕದ ಕೊನೆಯ ವಾರ. ನಮ್ಮ ಕಚೇರಿಯಲ್ಲಿ ಹಳೆಯ ಕಡತಗಳನ್ನು ನಾಶ ಮಾಡಲು ಒಂದು ಸಂಪ್ರದಾಯವಿದೆ: ಮೊದಲು ಪಟ್ಟಿ, ಪಟ್ಟಿಗೆ ಸಾಹೇಬರ ಸಹಿ, ಆಮೇಲೆ ಬೆಂಕಿ. ಮೇಲ್ ಬಂದಾಗ, ಬೇರೆ ಯಾವ ಕಚೇರಿಯವರೂ ಮಾಡದ ಕೆಲಸ ನಾವು ಮಾಡಿದೆವು. ಮೇಲ್‌ಗೂ ಅದೇ ವಿಧಿ ವಿಧಿಸಿದೆವು. ಈ ಪ್ರೋಗ್ರಾಮಿನಲ್ಲಿ ‘ಡಿ’ ಒತ್ತಿದರೆ ಕಾಗದ ಅಳಿಯುವುದಿಲ್ಲ. ಅಳಿಸತಕ್ಕದ್ದು ಎಂದು ಅದರ ಮುಂದೆ ಗುರುತು ಬೀಳುತ್ತದೆ, ಅದೂ ತೆರೆದಿರುವ ತೆರೆಯ ಮೇಲೆ ಮಾತ್ರ. ‘ಕ್ಯೂ’ ಒತ್ತಿ ಹೊರಬರುವಾಗ ಪ್ರೋಗ್ರಾಮು ಒಂದು ಮಾತು ಕೇಳಿ, ಹೌದೆಂದರೆ ಆಗ ನಿಜಕ್ಕೂ ಅಳಿಸುತ್ತದೆ. ಇದರಲ್ಲಿ ನಮಗೆ ದೈವಸಂಕಲ್ಪ ಕಂಡಿತು. ಮೂವತ್ತು ದಿನಕ್ಕಿಂತ ಹಿಂದಿನ ಕಾಗದಗಳಿಗೆಲ್ಲ ಒಟ್ಟಿಗೆ ‘ಡಿ’ ಹಾಕುವುದು, ಪಟ್ಟಿ ಮುದ್ರಿಸುವುದು, ಸಹಿ ಬರುವವರೆಗೆ ಪ್ರೋಗ್ರಾಮು ಮುಚ್ಚದೆ ತೆರೆದೇ ಇಡುವುದು. ಮೂರು ದಿನವೋ, ಐದು ದಿನವೋ. ಯಂತ್ರದ ಮೇಲೆ ಕೆಂಪು ಶಾಯಿಯಲ್ಲಿ ‘ಮುಟ್ಟಬಾರದು’. ಒಮ್ಮೆ ಕರೆಂಟು ಹೋಗಿ ಗುರುತುಗಳೆಲ್ಲ ಅಳಿಸಿ, ಕಾಗದಗಳೆಲ್ಲ ಬದುಕಿದ್ದಕ್ಕೆ ಹೆಡ್‌ಕ್ಲಾರ್ಕರು ಎರಡು ದಿನ ಊಟ ಬಿಟ್ಟಿದ್ದರು. ಪಟ್ಟಿ ಮಾಡುವ ಮೊದಲು ಮಿತಿಯನ್ನು ತೆಗೆದು ಎಲ್ಲವನ್ನೂ ತೆರೆಗೆ ತರತಕ್ಕದ್ದು ಎಂದು ವಿಧಿಯಲ್ಲಿ ಬರೆದವನೂ ನಾನೇ. ಅಂದರೆ ಮರೆಯಲ್ಲಿದ್ದ ಅವಳ ಕಾಗದ ಈ ವಾರ ಮೊದಲ ಸಲ ಬೆಳಕಿಗೆ ಬಂದಿತ್ತು, ಕುತ್ತಿಗೆಗೆ ‘ಡಿ’ ಕಟ್ಟಿಕೊಂಡು.

ವಿಂಚೂರಿನ ಸ್ಟ್ಯಾಂಡಿನಲ್ಲಿ ಇಳಿದು ಬೂತಿನಿಂದ ಕಚೇರಿಗೆ ಫೋನ್ ಮಾಡಿದೆ. ಎಂಗೇಜ್. ಮತ್ತೆ ಮಾಡಿದೆ. ಎಂಗೇಜ್. ಮೇಲ್ ತರುವ ಲೈನೂ ಮಾತಾಡುವ ಲೈನೂ ನಮ್ಮಲ್ಲಿ ಒಂದೇ. ಬಸ್ಸು ಹಾರ್ನ್ ಹೊಡೆಯಿತು. ನಿಫಾಡದವರೆಗೆ, ದ್ರಾಕ್ಷಿ ತೋಟಗಳ ಬೋಳು ಕಂಬಗಳನ್ನು ಎಣಿಸುತ್ತ ಕೂತೆ. ಎಣಿಸಿ ಏನು ಮಾಡಬೇಕಿತ್ತೋ ತಿಳಿಯದು.

ನಮ್ಮ ಕಚೇರಿ ಇದ್ದದ್ದು ನಾಸಿಕ್ ರೋಡಿನಲ್ಲಿ, ದೇವಳಾಲಿ ಕ್ಯಾಂಪಿನ ಕಡೆಗೆ. ಅಲ್ಲಿನ ಸೈನ್ಯದ ತೋಪುಗಳ ಅಭ್ಯಾಸ ನಡೆದಿದ್ದರೆ ನಮ್ಮ ಕಿಟಕಿಯ ಗಾಜು ಉತ್ತರ ಕೊಡುತ್ತಿತ್ತು. ಅವತ್ತು ನಡೆದಿತ್ತು. ನಾನು ಮೆಟ್ಟಿಲು ಹತ್ತುವಾಗ ಒಂದು, ಬಾಗಿಲು ದೂಡುವಾಗ ಇನ್ನೊಂದು.

ಹೆಡ್‌ಕ್ಲಾರ್ಕರು ಯಂತ್ರದ ಮುಂದೆ ಹಣೆಗೆ ಕುಂಕುಮ ಇಟ್ಟುಕೊಂಡು ಕೂತಿದ್ದರು. ಪಕ್ಕದಲ್ಲಿ ಪಟ್ಟಿ, ಹದಿನಾಲ್ಕು ಹಾಳೆ, ಕೊನೆಯದರಲ್ಲಿ ಸಾಹೇಬರ ಹಸಿರು ಸಹಿ.

‘ಯಾ ಯಾ, ಬರ್ರಿ! ಆಯುಷ್ಯ ಗಟ್ಟಿ ಐತಿ ನಿಮ್ದು. ಈಗಷ್ಟ ನೆನಸ್ತಿದ್ವಿ’ ಎಂದರು. ‘ಸಹಿ ಝಾಲಿ. ಒಂದ ದಿವಸದಾಗ ಸಹಿ! ಹನ್ನೆರಡ ವರ್ಷದಾಗ ನೋಡಿಲ್ಲ. ನಾಳಿ ವಿಚಾರಣಿ ಐತಲ್ಲ, ಮನಿ ಸ್ವಚ್ಛ ಇರ್ಲಿ ಅಂದ್ರು ಸಾಹೇಬ. ಕ್ಯೂ ಒತ್ತೇನಿ. ಈಗ ಕೇಳಾಕತ್ತೈತಿ ನೋಡ್ರಿ. ಈ ಪರಂಪರಾ ಸುರು ಮಾಡಿದವ್ರು ನೀವು, ನಿಮ್ಮ ಹಸ್ತಲೆ ಆಗ್ಲಿ.’

ತೆರೆಯ ಕೆಳಗಿನ ಸಾಲಿನಲ್ಲಿ ಪ್ರಶ್ನೆ ನಿಂತಿತ್ತು. ಗುರುತು ಮಾಡಿದ ಆರುನೂರ ಹನ್ನೆರಡು ಕಾಗದಗಳನ್ನು ಅಳಿಸಲೇ? ಹೌದು ಎಂಬುದು ಚೌಕ ಕಂಸದಲ್ಲಿ, ಇಲ್ಲ ಎಂಬುದು ಹೊರಗೆ. ಕಂಸದಲ್ಲಿ ಇರುವುದೇ ಪೂರ್ವನಿರ್ಧಾರ. ಏನೂ ಯೋಚಿಸದೆ ಎಂಟರ್ ಒತ್ತಿದರೂ ಅದು ಹೌದು. ಪಕ್ಕದಲ್ಲಿ ಕರ್ಸರ್ ಮಿಣುಕುತ್ತಿತ್ತು.

‘ಇದನ್ನ ಮುಟ್ಟಬ್ಯಾಡ್ರಿ. ಐದು ನಿಮಿಷ’ ಎಂದೆ.

‘ಅರೇ, ಕಾಯ್ ಝಾಲಂ? ಏನಾತು?’

‘ಐದೇ ನಿಮಿಷ. ಕೈ ತೊಡಿ ಮ್ಯಾಲೆ ಇಟಗೊಂಡ ಕೂಡ್ರಿ.’

ಪಕ್ಕದ ಕೋಣೆಯ ನನ್ನ ಯಂತ್ರದಿಂದ ಅದೇ ಪೆಟ್ಟಿಗೆಯನ್ನು ಓದಲು ಮಾತ್ರ ಎಂಬ ಆಜ್ಞೆಯೊಂದಿಗೆ ತೆರೆದೆ. ಹೀಗೆ ತೆರೆದರೆ ನಾವು ಏನು ಓದಿದರೂ, ಏನು ಒತ್ತಿದರೂ ಪೆಟ್ಟಿಗೆಯಲ್ಲಿ ಗುರುತು ಉಳಿಯುವುದಿಲ್ಲ. ಗಾಜಿನ ಕಪಾಟಿನಾಚೆಯಿಂದ ನೋಡಿದ ಹಾಗೆ. ಹೆಡ್‌ಕ್ಲಾರ್ಕರ ‘ಡಿ’ಗಳು ಇನ್ನೂ ಅವರ ತೆರೆಯ ಮೇಲಷ್ಟೇ ಇದ್ದುದರಿಂದ ನನಗೆ ಪೆಟ್ಟಿಗೆ ಇದ್ದ ಹಾಗೇ ಕಂಡಿತು. ಮಿತಿ ತೆಗೆದೆ. ಆಕೆಯ ಹೆಸರು ಕೊಟ್ಟು ಹುಡುಕಿದೆ.

ಇತ್ತು. ರವಿವಾರ, ಸಂಜೆ. ವಿಷಯ: ತುರ್ತು. ಮುಂದೆ ‘ಓ’.

ತೆರೆದೆ. ಐದು ಸಾಲು. ಮೂಲ ಮಾಪಕ ಎಷ್ಟು ತಪ್ಪಿದೆ, ಎಂದಿನಿಂದ ತಪ್ಪಿರಬಹುದು, ಯಾವ ಯಾವ ಕಾರ್ಖಾನೆಯ ಮಾಪಕಗಳು ಅದರ ಮುಂದೆ ಹೋದವು. ಲಾಸಲಗಾಂವ್ ರಸ್ತೆಯ ಘಟಕ ಮೂರನೆಯದು. ‘ದಯವಿಟ್ಟು ಯಾವ ಪ್ರಮಾಣಪತ್ರಕ್ಕೂ ಸಹಿ ಆಗದಂತೆ ತಡೆಯಿರಿ.’ ದಯವಿಟ್ಟು ಏನು ಎಂಬುದು ಇಲ್ಲಿತ್ತು. ಆ ಘಟಕದ ಪ್ರಮಾಣಪತ್ರಕ್ಕೆ ಸಹಿಯಾದದ್ದು ಅದಾದ ಮೂರು ದಿನಕ್ಕೆ.

ಸಾಮಾನ್ಯವಾಗಿ ಮುಚ್ಚಿರುವ ಪೂರ್ಣ ತಲೆಬರಹವನ್ನೂ ತೆರೆದೆ. ಕಾಗದ ಯಾವ ಯಂತ್ರದಿಂದ ಹೊರಟು, ಯಾವ ಯಂತ್ರದ ಕೈ ಬದಲಾಗಿ, ಎಷ್ಟು ಗಂಟೆಗೆ ನಮ್ಮ ಪೆಟ್ಟಿಗೆಗೆ ಬಿತ್ತು ಎಂದು ದಾರಿಯ ಒಬ್ಬೊಬ್ಬ ಅಂಚೆಯವನೂ ಹಾಕಿದ ಮೊಹರು ಅಲ್ಲಿರುತ್ತದೆ. ಅದು ಹೊರಟು, ಅರ್ಧ ಗಂಟೆಯೊಳಗೆ ನಾಸಿಕ ಮುಟ್ಟಿತ್ತು. ಎಲ್ಲ ಸಮೇತ ಮುದ್ರಣಕ್ಕೆ ಕಳಿಸಿದೆ.

ಹಾಳೆ ಬರುವ ಹೊತ್ತಿನಲ್ಲಿ ನಾನು ಒಂದು ಲೆಕ್ಕ ಹಾಕಿದೆ. ಹಾಕಲಿಲ್ಲ ಎಂದು ಬರೆದರೆ ಚೆನ್ನಾಗಿರುತ್ತದೆ, ಆದರೆ ಹಾಕಿದೆ. ಈ ಕಾಗದ ಆಕೆಯನ್ನು ಉಳಿಸುತ್ತದೆ. ಉಳಿಸುವಾಗ, ಮಿತಿ ಹಾಕಿದವರು ಯಾರು, ನಕಲು ನಿಲ್ಲಿಸಿದವರು ಯಾರು, ದಿನಾ ತೋರುತ್ತಿದ್ದ ಆ ‘ಒಂದು’ ಲೆಕ್ಕದ ದೋಷ ಎಂದವರು ಯಾರು ಎಂದು ಕೇಳಿಯೇ ಉಳಿಸುತ್ತದೆ. ಪಕ್ಕದ ಕೋಣೆಯಲ್ಲಿ ಒಂದು ಎಂಟರ್ ಬಿದ್ದರೆ ಇದ್ಯಾವುದೂ ಇಲ್ಲ. ನಾನು ಒಂದು ಸುಳ್ಳನ್ನೂ ಹೇಳಬೇಕಿರಲಿಲ್ಲ. ಸಹಿಯಾದ ಪಟ್ಟಿಯ ಪ್ರಕಾರ, ವಿಧಿವತ್ತಾಗಿ, ಕುಂಕುಮ ಸಮೇತ ಅಳಿಯುತ್ತಿತ್ತು. ಕೈಯಲ್ಲಿದ್ದ ಮುದ್ರಿತ ಹಾಳೆಯೋ, ಮೂಲವಿಲ್ಲದಿದ್ದರೆ ಯಾರಾದರೂ ಟೈಪ್ ಮಾಡಿಕೊಳ್ಳಬಹುದಾದ ಹಾಳೆ.

ಆಗ ಆ ಕಡೆಯಿಂದ ಸಾಹೇಬರ ದನಿ ಕೇಳಿತು. ‘ಅಜೂನ್ ಬಂದ್ ಝಾಲಂ ನಾಹೀ?’ ಇನ್ನೂ ಮುಚ್ಚಿಲ್ಲವೇ ಎಂದು.

‘ಪಂಡಿತರು ಐದು ಮಿನಿಟ ಅಂದ್ರು ರೀ ಸಾಹೇಬ.’

‘ಪಂಡಿತ್ ಕಶಾಲಾ? ದಾಬಾ ತುಮ್ಹೀ.’ ಅವನೇಕೆ, ನೀವೇ ಒತ್ತಿ.

ನಾನು ಓಡಿದೆನೆಂದು ಆಮೇಲೆ ಹೆಡ್‌ಕ್ಲಾರ್ಕರು ಎಲ್ಲರಿಗೂ ಹೇಳುತ್ತಿದ್ದರು. ಇಪ್ಪತ್ತು ವರ್ಷದ ಸೇವೆಯಲ್ಲಿ ನಾನು ಕಚೇರಿಯೊಳಗೆ ಓಡಿದ್ದಿಲ್ಲ, ಬೇಗ ನಡೆದಿರಬೇಕು. ಅವರ ಕಿರುಬೆರಳು ಎಂಟರಿನ ಮೇಲೆ ಇತ್ತು. ಒತ್ತಿರಲಿಲ್ಲ. ವಿಧಿಯ ಪ್ರಕಾರ ಅದು ನನ್ನ ಹಸ್ತಲೆ ಆಗಬೇಕಾದದ್ದು ಎಂದು ಕಾಯುತ್ತಿದ್ದರು. ಆ ಮನುಷ್ಯನ ಕಾನೂನುಪ್ರೀತಿಗೆ ನಾನು ಎಷ್ಟೋ ಸಲ ನಕ್ಕಿದ್ದೇನೆ.

‘ಸರ್, ಔರಂಗಾಬಾದಿನ ಆ ಸಂದೇಶ ಈ ಪಟ್ಟಿಯಲ್ಲಿದೆ’ ಎಂದು ಹಾಳೆಯನ್ನು ಸಾಹೇಬರ ಕೈಗೆ ಕೊಟ್ಟೆ.

ಅವರು ಓದಿದರು. ಓದಿ ಮತ್ತೆ ಮೊದಲಿನಿಂದ ಓದಿದರು. ದೇವಳಾಲಿಯ ತೋಪು ಗುಡುಗಿ ಗಾಜು ನಡುಗಿತು. ಅವರು ಲಿಖಿತವಾಗಿ ‘ಬಂದಿಲ್ಲ’ ಎಂದು ಕೊಟ್ಟಿದ್ದರು. ಅದು ಗೊತ್ತಿದ್ದು ಕೊಟ್ಟದ್ದಲ್ಲ ಎಂದು ನಾನು ಇಂದಿಗೂ ನಂಬುತ್ತೇನೆ. ಒಂದೇ ದಿನದಲ್ಲಿ ಬಿದ್ದ ಆ ಹಸಿರು ಸಹಿಯ ಬಗ್ಗೆ ಮಾತ್ರ ನಂಬುವುದನ್ನಾಗಲಿ ನಂಬದಿರುವುದನ್ನಾಗಲಿ ನಾನು ಮುಂದೂಡಿದ್ದೇನೆ.

‘ಇದನ್ನು ಯಾರೂ ಓದಿಲ್ಲ ಅಂತ ತೋರಿಸುತ್ತದಾ?’ ಎಂದರು ಹಿಂದಿಯಲ್ಲಿ, ಬಹಳ ಸಣ್ಣ ದನಿಯಲ್ಲಿ.

‘ಹೌದು ಸರ್.’

‘ಯಾಕೆ ಓದಿಲ್ಲ ಅಂತ ಕೇಳುತ್ತಾರೆ.’

‘ಹೌದು ಸರ್. ಅದಕ್ಕೆ ಉತ್ತರ ನನ್ನ ಹತ್ತಿರ ಇದೆ.’

ಅವರು ಹಾಳೆಯನ್ನು ನನ್ನ ಕೈಗೆ ವಾಪಸು ಕೊಟ್ಟರು. ತೆರೆಯ ಕಡೆ ನೋಡಿದರು. ಪ್ರಶ್ನೆ ಹಾಗೇ ನಿಂತಿತ್ತು, ಹೌದು ಕಂಸದಲ್ಲಿ. ‘ವಿಚಾರ್ ಕರೂನ್ ಕರಾ’ ಎಂದಷ್ಟೇ ಹೇಳಿ ತಮ್ಮ ಕೋಣೆಗೆ ಹೋಗಿ ಬಾಗಿಲು ಹಾಕಿಕೊಂಡರು. ಯೋಚಿಸಿ ಮಾಡಿ. ಇಷ್ಟು ಮೆತ್ತಗಿನ ಬೆದರಿಕೆಯನ್ನು ನಾನು ಕೇಳಿಲ್ಲ. ಅಥವಾ ಅದು ಬೆದರಿಕೆಯೇ ಅಲ್ಲವಾಗಿದ್ದರೆ, ಇಷ್ಟು ಕಷ್ಟದ ಅನುಮತಿಯನ್ನು ಕೇಳಿಲ್ಲ.

ಇಪ್ಪತ್ತು ಜನಕ್ಕೆ ನಾನು ಈ ಪ್ರೋಗ್ರಾಮು ಕಲಿಸಿದ್ದೆ. ಎಲ್ಲರಿಗೂ ಮೊದಲ ಪಾಠ ಒಂದೇ: ಹೊರಬರುವುದಕ್ಕೆ ಎರಡು ಬಾಗಿಲು. ‘ಕ್ಯೂ’ ಸಂಭಾವಿತರದ್ದು, ಕೇಳಿ, ಎಲ್ಲವನ್ನೂ ಬರೆದ ಹಾಗೆ ಮಾಡಿ ಮುಗಿಸುತ್ತದೆ. ‘ಎಕ್ಸ್’ ಹೊಣೆಗೇಡಿಗಳದ್ದು, ಮಾಡಿದ್ದನ್ನೆಲ್ಲ ಬಿಟ್ಟು, ಒಂದು ಮಾತೂ ಕೇಳದೆ ಎದ್ದು ಹೋಗುತ್ತದೆ. ‘ಎಕ್ಸ್’ ಒತ್ತಿದವರನ್ನು ನಾನು ಬೈದಿದ್ದೇನೆ.

ಕಂಟ್ರೋಲ್ ಹಿಡಿದು ‘ಜಿ’ ಒತ್ತಿದೆ. ಪ್ರಶ್ನೆ ಮಾಯವಾಯಿತು. ಮೇಲೆ ಆರುನೂರ ಹನ್ನೆರಡು ‘ಡಿ’ಗಳು ಸಾಲುಗಟ್ಟಿ ನಿಂತಿದ್ದವು.

‘ಅಹೋ, ಒಂದೊಂದನ್ನ ತಾಳೆ ನೋಡೇನಿ. ನಾಲ್ಕ್ ದಿವಸ’ ಎಂದರು ಹೆಡ್‌ಕ್ಲಾರ್ಕರು. ಅವರ ದನಿ ಅಳುವವರ ಹಾಗಿತ್ತು. ‘ಆ ಒಂದನ್ನಷ್ಟ ಉಳಿಸ್ರಿ. ಉಳದವು ಏನ್ ಪಾಪ ಮಾಡ್ಯಾವು?’

‘ಒಂದನ್ನ ಉಳಿಸಿದ್ರ ನಾವು ಉಳಿಸಿದ್ದು ಅಂತಾರ. ಎಲ್ಲ ಇದ್ದ ಹಂಗ ಇರ್ಬೇಕು.’

‘ಎಕ್ಸ್’ ಒತ್ತಿದೆ. ಯಾವ ಮಾತೂ ಕೇಳಲಿಲ್ಲ. ತೆರೆ ಕಪ್ಪಾಯಿತು.

ಮರುದಿನ ಬೆಳಿಗ್ಗೆ ಔರಂಗಾಬಾದಿನಲ್ಲಿ ವಿಚಾರಣೆ. ಕೋಣೆಯಲ್ಲಿ ಒಂದು ಮೇಜು. ಮೇಜಿನ ಈ ಕಡೆ ಒಂದೇ ಕುರ್ಚಿ. ಆಕೆ ಅದರಲ್ಲಿ ಸೆರಗು ಬಿಗಿ ಮಾಡಿಕೊಂಡು ಕೂತಿದ್ದಳು. ನಾನು ನಿಂತೇ ವರದಿ ಕೊಟ್ಟೆ: ಮುದ್ರಿಸಿದ ಹಾಳೆ, ಪೂರ್ಣ ತಲೆಬರಹ, ಪೆಟ್ಟಿಗೆಯನ್ನು ಇದ್ದ ಸ್ಥಿತಿಯಲ್ಲೇ ಕಾಯ್ದಿಟ್ಟ ಬಗ್ಗೆ ಹೆಡ್‌ಕ್ಲಾರ್ಕರ ಸಾಕ್ಷಿ ಸಹಿ. ವಿಚಾರಣಾಧಿಕಾರಿ ಓದಿದರು. ಮೊಹರುಗಳ ಗಂಟೆಗಳನ್ನು ಬೆರಳಿಟ್ಟು ನೋಡಿದರು. ಶನಿವಾರದ ಆ ಎರಡು ಸಾಲಿನ ಹಾಳೆಯನ್ನು ತೆಗೆದು, ಇದರ ಕೆಳಗೆ ಇಟ್ಟರು.

‘ಓದದೆ ಬಿದ್ದದ್ದು ಒಂದು ಇದೆ ಎಂದು ನಾಸಿಕದಲ್ಲಿ ಯಾರಿಗೂ ಗೊತ್ತಾಗಲಿಲ್ಲವೇ?’

‘ಗೊತ್ತಾಗಿತ್ತು. ಹೆಡ್‌ಕ್ಲಾರ್ಕರು ನನಗೆ ಹೇಳಿದ್ದರು. ಬಿಡಿ ಎಂದವನು ನಾನು.’

ಅವರು ಅನುಮತಿ ಪಡೆದು ಕೆಮ್ಮಿದರು. ಆಕೆಯ ಕಡೆ ತಿರುಗಿ, ‘ನೀವು ಹೋಗಬಹುದು. ಸೋಮವಾರದಿಂದ ಕೆಲಸಕ್ಕೆ ಹಾಜರಾಗಿ’ ಎಂದರು.

ಆಕೆ ಎದ್ದಳು. ಕೈ ಮುಗಿಯಲಿಲ್ಲ, ಅಳಲೂ ಇಲ್ಲ. ಬಾಗಿಲ ಹತ್ತಿರ ನನ್ನ ಪಕ್ಕದಲ್ಲಿ ಒಂದು ಗಳಿಗೆ ನಿಂತು, ಅವರಿಗೆ ತಿಳಿಯದ ಕನ್ನಡದಲ್ಲಿ ಮೆಲ್ಲಗೆ ಕೇಳಿದಳು:

‘ಸರ, ಈಗ ಕೊಟ್ಟ ವರದಿದು ನಿಮ್ಮ ಹಂತ್ಯಾಕ ಒಂದ್ ನಕಲು ಇಟಗೊಂಡೀರಿಲ್ಲೋ?’

ಇಟ್ಟುಕೊಂಡಿರಲಿಲ್ಲ.

ಬಾಗಿಲು ಮುಚ್ಚಿತು. ವಿಚಾರಣಾಧಿಕಾರಿ ಹೊಸ ಹಾಳೆ ತೆಗೆದು, ಮೇಲ್ಗಡೆ ‘ಪ್ರಶ್ನೆ: ಒಂದು’ ಎಂದು ಬರೆದು, ಖಾಲಿ ಕುರ್ಚಿ ತೋರಿಸಿದರು. ಕೂತೆ. ಅದು ಇನ್ನೂ ಬೆಚ್ಚಗಿತ್ತು.